ನಾಲ್ಕನೆಯ ಮೂಲೆ

ಎರಡನೆಯ ಬ್ಲೇಡು ಇನ್ನೂ ಸಾಣೆಕಲ್ಲಿನ ಮೇಲೆಯೇ ಇದೆ. ಇಂದ್ರವ್ವ ಎರಡು ಹನಿ ಎಣ್ಣೆ ಬಿಟ್ಟು, ಅಂಗೈಯಿಂದ ಒತ್ತಿ, ಒಂದೇ ದಿಕ್ಕಿಗೆ ತೀಡುತ್ತಾರೆ. ಹಿಂದಕ್ಕೆ ಎಳೆದರೆ ಅಂಚು ಮಡಚಿಕೊಳ್ಳುತ್ತದೆ. ಸವದತ್ತಿಯ ಅವರ ಮನೆಯ ಹಿತ್ತಲಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಳೆಯ ಪತ್ರಿಕೆಯ ಹಾಳೆಯನ್ನು ಇಳಿಬಿಟ್ಟು ಅದಕ್ಕೆ ಬ್ಲೇಡು ತಾಗಿಸುತ್ತಾರೆ. ಹರಿತವಾಗಿದ್ದರೆ ಹಾಳೆ ಸದ್ದಿಲ್ಲದೆ ಎರಡಾಗಬೇಕು.

"ಸಪ್ಪಳ ಬಂತು," ಒಳಗಿನಿಂದ ಗಂಡ ಶಟ್ಟೆಪ್ಪನವರ ದನಿ.

"ಚಾ ಕುಡೀರಿ ಅಂತ ಮೂರ ಸಲ ಒದರೀನಿ, ಅದು ಕೇಳಲಿಲ್ಲ. ಇದ ಕೇಳತೈತಿ," ಎನ್ನುತ್ತಲೇ ಇಂದ್ರವ್ವ ಮತ್ತೆ ನಾಲ್ಕು ಸಲ ತೀಡುತ್ತಾರೆ.

ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಗಳಲ್ಲಿ ಕಾಲಿನಿಂದ ತುಳಿಯುವ ಕಟಿಂಗ್ ಮಷೀನು ಇರುತ್ತದೆ. ಜೋಡಿ ಬ್ಲೇಡುಗಳು ಒಟ್ಟಿಗೆ ಇಳಿದು ಮರದ ಪಟ್ಟಿಯ ತುದಿಯನ್ನು ಸರಿಯಾಗಿ ನಲವತ್ತೈದು ಡಿಗ್ರಿಗೆ ಓರೆಯಾಗಿ ಕತ್ತರಿಸುತ್ತವೆ. ಒಂದು ಕಟ್ಟಿಗೆ ನಾಲ್ಕು ಪಟ್ಟಿ, ಎಂಟು ಓರೆ. ಪ್ರತಿಯೊಂದೂ ಕೂದಲೆಳೆಯಷ್ಟು ತಪ್ಪಿದರೂ ಮೊದಲ ಮೂರು ಮೂಲೆಗಳು ಹೇಗೋ ಕೂಡಿಕೊಳ್ಳುತ್ತವೆ. ತಪ್ಪೆಲ್ಲ ಒಟ್ಟಾಗಿ ನಾಲ್ಕನೆಯ ಮೂಲೆ ಬಾಯಿ ಬಿಡುತ್ತದೆ. ಆ ಬಾಯಿ ಮುಚ್ಚಿಸುವುದೇ ಇಂದ್ರವ್ವನವರ ಕೆಲಸ. ಸವದತ್ತಿಯಲ್ಲಿ ಏಳು, ಬೈಲಹೊಂಗಲದಲ್ಲಿ ಎಂಟು, ಕಿತ್ತೂರಿನಲ್ಲಿ ಮೂರು, ರಾಮದುರ್ಗದಲ್ಲಿ ಐದು ಮಷೀನುಗಳನ್ನು ಅವರು ನೋಡಿಕೊಳ್ಳುತ್ತಾರೆ. ತಿಂಗಳಲ್ಲಿ ಹದಿನೈದು ದಿನ ಬಸ್ಸಿನ ಓಡಾಟ.

ಈ ವಿದ್ಯೆ ಶಟ್ಟೆಪ್ಪನವರದು. ಇಂದ್ರವ್ವ ಪಕ್ಕದಲ್ಲಿ ಬ್ಯಾಟರಿ ಹಿಡಿದು ಬೆಳಕು ತೋರಿಸುತ್ತಿದ್ದವರು. ಏಳು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆಯಿಂದ ಶಟ್ಟೆಪ್ಪನವರ ದೃಷ್ಟಿ ಹೋಯಿತು. "ನಟ್ಟ ತಿರುವೂ ಪಾನಾ ನನ್ನ ಕೈಗೆ ಬಂತು, ಬ್ಯಾಟರಿ ಅವರ ಕೈಗೆ ಹೋತು. ನಟ್ಟ ಒಂದ ಕಡೆ, ಬೆಳಕ ನನ್ನ ಮೂಗಿನ ಮ್ಯಾಲೆ," ಎಂದು ಇಂದ್ರವ್ವ ನಗುತ್ತಾರೆ. ಆಗ ಶಟ್ಟೆಪ್ಪ ಮೂಲೆಯ ಮೇಲೆ ಹೆಬ್ಬೆರಳಿನ ಉಗುರು ಆಡಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹೇಳುತ್ತಿದ್ದರು. ಈಗ ಬಸ್ಸಿನ ಮೆಟ್ಟಿಲು ಅವರಿಗೆ ಆಗುವುದಿಲ್ಲ. ಆದರೂ ಫೋನು ಬರುವುದು, "ಶಟ್ಟೆಪ್ಪನ ಕಡೇರನ್ನ ಕಳಸ್ರಿ," ಎಂದೇ. ಕೆಲಸ ಮುಗಿದ ಮೇಲೆ ಮಷೀನಿನ ಅಡಿಯಲ್ಲಿ ತಾರೀಖು ಬರೆದು, ಪಕ್ಕದಲ್ಲಿ 'ಶ' ಎಂದು ಗುರುತು ಹಾಕುವುದು ಶಟ್ಟೆಪ್ಪನವರ ರೂಢಿಯಾಗಿತ್ತು. ಇಂದ್ರವ್ವನೂ ಏಳು ವರ್ಷದಿಂದ 'ಶ' ಎಂದೇ ಬರೆಯುತ್ತಾರೆ.

ಎಲ್ಲಮ್ಮನ ಗುಡ್ಡದ ಬಸ್ಸುಗಳ ಗದ್ದಲದ ನಡುವೆ ಅವರು ಇವತ್ತು ರಾಮದುರ್ಗದ ಬೋರ್ಡು ಹುಡುಕಿ ಹತ್ತುತ್ತಾರೆ. ಅಲ್ಲಿನ ಅಂಗಡಿಯವರನ್ನು ಭರಮಪ್ಪ, ಅವರ ಹೆಂಡತಿಯನ್ನು ಸತ್ಯವ್ವ ಎಂದಿಟ್ಟುಕೊಳ್ಳೋಣ. ನಿಜ ಹೆಸರು ಬೇಡ. ಗೋಡೆಗೆ ಆನಿಸಿಟ್ಟ ಹತ್ತು ಹನ್ನೆರಡು ಕಟ್ಟುಗಳಲ್ಲಿ ಒಂದೊಂದರದೂ ನಾಲ್ಕನೆಯ ಮೂಲೆ ಬಾಯಿ ಬಿಟ್ಟಿದೆ.

"ನೀ ಬಂದು ಹೋಗಿ ತಿಂಗಳಾಗಿಲ್ಲ," ಭರಮಪ್ಪ ಮುಖ ಗಂಟಿಕ್ಕಿದ್ದಾರೆ. "ಶಟ್ಟೆಪ್ಪ ಮಾಡಿದ್ದು ವರ್ಸಗಟ್ಲೆ ಕದಲ್ತಿದ್ದಿಲ್ಲ. ಅವನ ಹೆಸರರ ಉಳಸವಾ. ಇವತ್ತ ಕೂಡಲಿಲ್ಲಂದ್ರ ಹುಬ್ಬಳ್ಳಿಯಾಂವನ್ನ ಕರಸ್ತೇನಿ."

"ನೋಡೂಣ ತಡೀರಿ ಅಣ್ಣಾರ."

ರಾಮದುರ್ಗದ ಐದೂ ಅಂಗಡಿಗಳು ಒಂದೇ ಸಾಲಿನಲ್ಲಿವೆ. ಒಬ್ಬರು ಬಿಟ್ಟರೆ ಐವರೂ ಬಿಟ್ಟ ಹಾಗೆ. ಇಂದ್ರವ್ವ ಬ್ಯಾಟರಿ ಹಾಕಿ ನೋಡುತ್ತಾರೆ. ಬೋಲ್ಟುಗಳ ಮೇಲೆ ತಾವೇ ಎಳೆದಿದ್ದ ಬಣ್ಣದ ಗೆರೆ ಇದ್ದಲ್ಲೇ ಇದೆ, ಬೋಲ್ಟು ಕದಲಿಲ್ಲ. ಕೋನ ನೋಡುವ ಮೂಲೆಮಟ್ಟ ಇಟ್ಟರೂ ಸರಿಯಾಗಿದೆ. ಬ್ರಷ್ಷಿನಿಂದ ಮರದ ಹೊಟ್ಟು ಗುಡಿಸುತ್ತಾರೆ. ಪಟ್ಟಿ ಆನಿಸುವ ಕಬ್ಬಿಣದ ಗೈಡಿನ ಬುಡದಲ್ಲಿ, ಬ್ಲೇಡಿನ ಪಕ್ಕದ ಸಂದಿಯಲ್ಲಿ, ಬೆರಳಿಗೆ ಸಾಸಿವೆಯಷ್ಟು ಗಟ್ಟಿ ಏನೋ ತಾಗುತ್ತದೆ. ಒಣಗಿದ ಕುಂಕುಮ. ಮಹಾನವಮಿಯ ಖಂಡೇಪೂಜೆಯಲ್ಲಿ ಇಟ್ಟ ಬೊಟ್ಟು ಕೆಳಗಿಳಿದು ಹೊಟ್ಟಿನಡಿ ಗಟ್ಟಿಯಾಗಿದೆ. ಅದರ ಮೇಲೇರಿದ ಪ್ರತಿ ಪಟ್ಟಿಯೂ ಕೂದಲೆಳೆಯಷ್ಟು ಓರೆ.

ತಲೆಯೆತ್ತಿದರೆ ಎದುರಿಗೆ ಚಹಾ ಹಿಡಿದ ಸತ್ಯವ್ವ. ಅವರ ಕಣ್ಣೂ ಆ ಕೆಂಪಿನ ಮೇಲೆಯೇ ಇದೆ. ಪೂಜೆಯ ದಿನ ಬೊಟ್ಟು ಇಟ್ಟ ಕೈ ಅವರದೇ.

"ಏನಿತ್ತು?" ಬಾಗಿಲಿನಿಂದ ಭರಮಪ್ಪ ಕೇಳುತ್ತಾರೆ.

ನಿಜ ಹೇಳಿದರೆ ಇಂದ್ರವ್ವನ ಕೆಲಸಕ್ಕೆ ಅಂಟಿದ ಕೆಟ್ಟ ಮಾತು ಹೋಗುತ್ತದೆ. ಆದರೆ ಇಷ್ಟು ದಿನ ಕೆಟ್ಟ ಪಟ್ಟಿಗಳ ದೂರೆಲ್ಲ ಸತ್ಯವ್ವನ ತಲೆಗೆ ಬರುತ್ತದೆ.

"ಹೊಟ್ಟ ಕುಂತಿತ್ರಿ. ಹೋದ ಸಲ ನಾನ ಸರಿ ಬಳದಿಲ್ಲ ಅನಸ್ತೈತಿ."

"ಹಂಗಾರ ತಪ್ಪ ನಿಂದ."

"ಹೌದ್ರಿ, ನಂದ."

ಕುಂಕುಮವನ್ನು ಉಗುರಿನಿಂದ ಕೆರೆದು, ಕಾಗದದಲ್ಲಿ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹೊಸದಾಗಿ ತೀಡಿದ ಬ್ಲೇಡು ಕೂಡಿಸಿ, ನಾಲ್ಕು ತುಂಡು ಕತ್ತರಿಸಿ ಜೋಡಿಸುತ್ತಾರೆ. ನಾಲ್ಕನೆಯ ಮೂಲೆಯ ಮೇಲೆ ಉಗುರು ಆಡಿಸಿದರೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಭರಮಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, "ಕೂಡೇತಿ," ಎನ್ನುತ್ತಾರೆ. "ಮುಂದಿನ ತಿಂಗಳ ಬಾ. ಆದ್ರ ಶಟ್ಟೆಪ್ಪನ ಹೆಸರ ಕೆಡಸಬ್ಯಾಡ."

ಅವರು ಆಚೆ ಹೋದ ಮೇಲೆ ಸತ್ಯವ್ವ ಹತ್ತಿರ ಬಂದು ಕುಕ್ಕರಿಸುತ್ತಾರೆ. "ಅಕ್ಕಾರ, ಪೂಜಿ ಹೆಂಗ ಬಿಡೂದ್ರಿ?"

"ಯಾಕ ಬಿಡತೀರಿ? ಮಷೀನಿನ ಕಾಲಿಗೆ ಹಚ್ರಿ. ನಮಸ್ಕಾರ ಮಾಡೂದೂ ಕಾಲಿಗೇ ಅಲ್ಲೇನ್ರಿ?"

ಸತ್ಯವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ.

ಇಂದ್ರವ್ವ ಗುರುತು ಹಾಕಲು ಮಷೀನಿನಡಿ ಬಗ್ಗುತ್ತಾರೆ. ಸಾಲಾಗಿ ತಾರೀಖುಗಳು, ಪಕ್ಕದಲ್ಲಿ 'ಶ'. ಹಳೆಯವು ದಪ್ಪ, ಈಚಿನವು ತುಸು ವಾಲಿವೆ. ತಾರೀಖು ಬರೆದು ಕೈ ತಡೆಯುತ್ತಾರೆ. ಇವತ್ತು ತಪ್ಪು ತನ್ನದೆಂದು ಒಪ್ಪಿಕೊಂಡಾಗಿದೆ. ಅದನ್ನು ಗಂಡನ ಅಕ್ಷರ ಯಾಕೆ ಹೊರಬೇಕು? ಕೂಡಿದ ಮೂಲೆಯೂ ತನ್ನದೇ ಅಲ್ಲವೇ? ದುಂಡಗೆ 'ಇ' ಎಂದು ಬರೆಯುತ್ತಾರೆ.

ಬಸ್ಸು ಹೊರಟಾಗ ಶಟ್ಟೆಪ್ಪನವರ ಫೋನು ಬರುತ್ತದೆ.

"ಬಾಯಿ ಮುಚ್ಚಿತೇನು?"

"ಮುಚ್ಚೇತ್ರಿ. ಉಗರ ಸಿಗಂಗಿಲ್ಲ."

"ಅಡ್ಯಾಗ ಬರದ್ಯಾ?"

"ಬರದೇನ್ರಿ."

ಏನು ಬರೆದೆ ಎಂದು ಶಟ್ಟೆಪ್ಪ ಕೇಳುವುದಿಲ್ಲ, ಇಂದ್ರವ್ವನೂ ಹೇಳುವುದಿಲ್ಲ. ಚೀಲದೊಳಗೆ ಕೈ ಹಾಕಿ ಪೆನ್ನಿನ ಮುಚ್ಚಳ ಗಟ್ಟಿಯಾಗಿದೆಯೇ ನೋಡಿಕೊಳ್ಳುತ್ತಾರೆ, ಮಸಿ ಒಣಗಬಾರದು. ನಾಳೆ ಬೈಲಹೊಂಗಲ. ಅಲ್ಲಿ ಎಂಟು ಮಷೀನುಗಳಿವೆ.