ಮೆಕ್ಸಿಕೋದ ಕಾಫಿ ಪೊಟ್ಟಣ

ಅಡುಗೆಮನೆಯ ಕಪಾಟು ಒರೆಸುವಾಗ ಹಳೆಯ ಕಾಫಿ ಪೊಟ್ಟಣವೊಂದು ಕೈಗೆ ಸಿಕ್ಕಿತು. ಬಾಯಿಗೆ ಕಂದು ಟೇಪು. ಮೂಗಿಗೆ ಹಿಡಿದೆ. ದಾಲ್ಚಿನ್ನಿಯ ಘಮ ಇನ್ನೂ ಸ್ವಲ್ಪ ಉಳಿದಿತ್ತು... ಆ ಟೇಪು ಅಂಟಿಸಿದವನು ನಾನೇ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗಲ್ಫಿನಲ್ಲಿ, ಅಲ್ ಸದ್ದ್ ಬಡಾವಣೆಯ ಈ ಕಟ್ಟಡದಲ್ಲಿ ಆಗ ನನ್ನ ಪಕ್ಕದ ಫ್ಲ್ಯಾಟಿನಲ್ಲಿದ್ದವರು ಮೆಕ್ಸಿಕೋದವರು. ಹಮದ್ ಬಂದರಿನಲ್ಲಿ ಕ್ರೇನ್ ನಡೆಸಲು ಕಲಿಸುವ ಕೆಲಸ. ನನ್ನಂತೆಯೇ ಒಂಟಿ. ಶುಕ್ರವಾರ ಮಧ್ಯಾಹ್ನ ದಾಲ್ಚಿನ್ನಿ, ಬೆಲ್ಲ ಹಾಕಿ ಕಾಫಿ ಕುದಿಸಿ ನನ್ನ ಬಾಗಿಲು ತಟ್ಟುತ್ತಿದ್ದರು. ಉಡುಪಿಯವನಾದ ನನಗೆ ಬೆಲ್ಲದ ಕಾಫಿ ಹೊಸದಲ್ಲ, ಹಾಗಾಗಿ ಬೇಗ ಸ್ನೇಹ ಕುದುರಿತು. ಇಬ್ಬರದೂ ಹರಕು ಮುರುಕು ಇಂಗ್ಲಿಷು. ಅವರ ತಮ್ಮ ಮೆಕ್ಸಿಕೋದಲ್ಲಿ ಕಸ್ಟಮ್ಸ್‌ನಲ್ಲಿದ್ದನಂತೆ. ಮಾದಕವಸ್ತು ತುಂಬಿದ ಲಾರಿಯೊಂದನ್ನು ಹಿಡಿದದ್ದಕ್ಕೆ ಗ್ಯಾಂಗಿನವರು ಅವನನ್ನು ಕೊಂದಿದ್ದರು.

ಒಂದು ಶುಕ್ರವಾರ ಟೀವಿಯಲ್ಲಿ, ಅಂಥ ಗ್ಯಾಂಗುಗಳನ್ನು ಮುಗಿಸಲು ಅಮೆರಿಕ ಮೆಕ್ಸಿಕೋಗೆ ಸೈನ್ಯವನ್ನೇ ಕಳಿಸಬಹುದೆಂಬ ಸುದ್ದಿ ಬಂತು. ತಮ್ಮನನ್ನು ಕಳೆದುಕೊಂಡವರು, ಖುಷಿಪಟ್ಟಾರು ಎಂದುಕೊಂಡು, "ಒಳ್ಳೇದಾಯ್ತಲ್ಲ, ಬರಲಿ ಬಿಡಿ" ಅಂದೆ. ಊರ ಉಸಾಬರಿ ನನಗೇಕೆ ಬೇಕಿತ್ತೋ.

ಅವರು ಲೋಟ ಕೆಳಗಿಟ್ಟರು. "ನನ್ನ ಮನೆಗೆ ಕಳ್ಳ ನುಗ್ಗಿದ್ದಾನೆ, ನಿಜ. ಸಹಾಯ ಬೇಕಾ ಅಂತ ನೆರೆಯವನು ಕೇಳಲಿ, ನಾನೇ ಬಾಗಿಲು ತೆಗೀತೇನೆ. ಕೇಳದೆ ಒಡೆದು ಬಂದರೆ ಅವನೂ ಕಳ್ಳನೇ."

ನಾನು ತಲೆಯಾಡಿಸಿದೆ. ತಲೆಯಾಡಿಸಲು ಏನು ಕಷ್ಟ?

ಮುಂದಿನ ತಿಂಗಳು ನಾನು ರಜೆಗೆ ಊರಿಗೆ ಹೊರಟಾಗ ಅಮ್ಮನಿಗೆಂದು ಅವರು ಈ ಪೊಟ್ಟಣ ಕೊಟ್ಟು ಹೋದರು. ಗಲ್ಫಿನಲ್ಲಿ ನಮ್ಮವರದೊಂದು ಪದ್ಧತಿಯಿದೆ. ಊರಿಗೆ ಹೋಗುವವರ ಕೈಯಲ್ಲಿ ಏನೇ ಕಳಿಸಲಿ, ಕೊಟ್ಟವರೇ ಎದುರಿಗೆ ಬಿಚ್ಚಿ ತೋರಿಸಬೇಕು. ಯಾರದೋ ಪೊಟ್ಟಣ ಹೊತ್ತು ಜೈಲು ಕಂಡವರ ಕಥೆ ಎಲ್ಲರಿಗೂ ಗೊತ್ತು. ಆಫೀಸಿನ ಗೆಳೆಯನೂ ಫೋನಿನಲ್ಲಿ, "ಮೆಕ್ಸಿಕೋದವರದ್ದಾ ಮಾರಾಯ? ಬಿಚ್ಚಿ ನೋಡಿಯೇ ತಕೊಂಡು ಹೋಗು, ಆಮೇಲೆ ಮಂಡೆಬಿಸಿ ಬೇಡ" ಅಂದ. ನಮ್ಮವರಾಗಿದ್ದರೆ ಎದುರಿಗೇ ಕೇಳುತ್ತಿದ್ದೆ. ಇವರನ್ನು ಕೇಳಲು ಸಂಕೋಚವಾಯಿತು. ಕತ್ತರಿ ಹಾಕಿ, ಪುಡಿಯನ್ನೆಲ್ಲ ಪೇಪರಿನ ಮೇಲೆ ಸುರಿದು ಬೆರಳಾಡಿಸಿದೆ. ಕಾಫಿ, ದಾಲ್ಚಿನ್ನಿ ಚೂರು, ಅಷ್ಟೇ.

ಬಾಗಿಲು ತಟ್ಟಿದ ಸದ್ದಾಯಿತು. ನಾನು ಬಾಗಿಲು ಹಾಕಿಯೇ ಇರಲಿಲ್ಲ. ಕೊಡಲು ಮರೆತ ಬೆಲ್ಲದ ಅಚ್ಚು ಹಿಡಿದು ಅವರು ಹೊರಗೇ ನಿಂತಿದ್ದರು. ಪೇಪರನ್ನು ನೋಡಿದರು.

"ಕೇಳಿದ್ದರೆ ನಾನೇ ಬಿಚ್ಚಿ ತೋರಿಸ್ತಿದ್ದೆ," ಅಂದರು. "ಖಲಾಸ್" ಎಂದು ಬೆಲ್ಲವನ್ನು ಹೊಸ್ತಿಲ ಮೇಲಿಟ್ಟು ಹೋದರು.

ಪುಡಿಯನ್ನು ಮತ್ತೆ ತುಂಬಿ ಟೇಪು ಹಾಕಿದೆ. ಆದರೆ ಅದನ್ನು ಊರಿಗೆ ಒಯ್ಯಲು ನನಗೆ ಮುಖವಿರಲಿಲ್ಲ. ರಜೆ ಮುಗಿಸಿ ಬಂದಾಗ ಪಕ್ಕದ ಬಾಗಿಲಲ್ಲಿ ಬೇರೆಯವರ ಚಪ್ಪಲಿಗಳಿದ್ದವು. ಕೆಲಸ ಬಿಟ್ಟು ದೇಶಕ್ಕೆ ಹೋದರೆಂದು ವಾಚ್‌ಮನ್ ಹೇಳಿದ...

ಈಗ ಶುಕ್ರವಾರ ಮಧ್ಯಾಹ್ನ ನನ್ನ ಬಾಗಿಲು ಯಾರೂ ತಟ್ಟುವುದಿಲ್ಲ. ಅವರ ದೇಶದ ಅದೇ ಸುದ್ದಿ ಟೀವಿಯಲ್ಲಿ ಆಗಾಗ ಬರುತ್ತದೆ. ಅವರು ಹೇಗಿದ್ದಾರೋ, ಇದ್ದಾರೋ ಇಲ್ಲವೋ. ಇವತ್ತು ಅವರ ಹಳೆಯ ನಂಬರಿಗೆ ಬರೆದೆ: "ನಿಮ್ಮ ಪೊಟ್ಟಣ ನನ್ನ ಹತ್ತಿರವೇ ಇದೆ. ಬಿಚ್ಚಲಾ?"

ಸಂಜೆಯಾಯಿತು. ಇನ್ನೂ ಒಂದೇ ಟಿಕ್, ಅಂದರೆ ಮೆಸೇಜು ತಲುಪಿಲ್ಲ. ಟೇಪು ಕೀಳಲು ಕೈ ಬರಲಿಲ್ಲ.