ಹೆದರಿ ತುಂಬಿದ ಸೋಡಾ

ತೊಂಬತ್ತರ ದಶಕದಲ್ಲಿ ಅಂಗಡಿ, ಹೋಟೆಲುಗಳ ನೀರಿನ ಮಾದರಿ ತಂದು ಪರೀಕ್ಷೆಗೆ ಕಳಿಸುವುದು ನನ್ನ ಕೆಲಸವಾಗಿತ್ತು. ಹಾಗೇ ಒಂದು ಮಧ್ಯಾಹ್ನ ಹಳೇಬೀಡಿನ ಗೋಲಿಸೋಡಾ ಅಂಗಡಿಯೊಂದಕ್ಕೆ ಹೋದೆ. ಗೌರಮ್ಮ ಎನ್ನುವವರು ಸೋಡಾ ಮಿಷನ್ ತಿರುಗಿಸುತ್ತಿದ್ದರು. ಅವರ ಗಂಡ ರಂಗಪ್ಪ ಪಕ್ಕದ ಜಗಲಿ ಮೇಲೆ ಕೂತು ಬಾಟ್ಲಿ ತೊಳೆಯುತ್ತಿದ್ದರು.

"ನೀರು ಸರಿ ಇಲ್ಲದಿದ್ರೆ ಅಂಗಡಿ ಮುಚ್ಚಿಸಬೇಕಾಗುತ್ತಮ್ಮಾ" ಎಂದೆ, ಸ್ವಲ್ಪ ಗತ್ತಿನಿಂದಲೇ.

ಗೌರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮುಚ್ಸಾದು ಗೊತ್ತೈತೆ. ಸೋಡಾ ತುಂಬಾದು ಗೊತ್ತೈತಾ ಸಾ?"

ಗೊತ್ತಿರಲಿಲ್ಲ. ಅಲ್ಲೇ ನಿಲ್ಲಿಸಿಕೊಂಡು ಕಲಿಸಿಯೇಬಿಟ್ಟರು. ತಣ್ಣೀರನ್ನು ಕುತ್ತಿಗೆಯವರೆಗೆ ಮಾತ್ರ ತುಂಬಬೇಕು. ಬಾಟ್ಲಿಯನ್ನು ಮಿಷನ್ನಿನ ಪೆಟ್ಟಿಗೆಯಲ್ಲಿಟ್ಟು, ಗ್ಯಾಸ್ ಬಿಟ್ಟು ಚಕ್ರ ತಿರುಗಿಸಬೇಕು. ತಿರುಗಿಸಿದೆ. ಒಳಗೆ ಬಾಟ್ಲಿ ಗಡಗಡ ಎಂದಿತು.

"ಒಡೆಯುತ್ತಾ?" ಎಂದೆ.

"ಒಂದ್ಸಲ ಒಡೀತು. ನಮ್ಮನೆಯವ್ರ ಎಡಗಣ್ಣು ಹೋಯ್ತು. ಆಗ ಪೆಟ್ಟಿಗೆಗೆ ಮುಚ್ಚಳ ಇರ್ನಿಲ್ಲ. ಈಗ ಐತೆ, ತಿರುಗ್ಸಿ."

ನನ್ನ ಕೈ ನಾಲ್ಕೇ ಸುತ್ತಿಗೆ ನಿಂತಿತು. ಬಾಟ್ಲಿ ತೆಗೆದು ಗೋಲಿ ಒತ್ತಿದರೆ ಸದ್ದೂ ಇಲ್ಲ, ನೊರೆಯೂ ಇಲ್ಲ. ನಾಚಿಕೆಯಾಗಿ ಚೆಲ್ಲಲು ಹೊರಟೆ. ರಂಗಪ್ಪ ಕೈ ಚಾಚಿ ಇಸಿದುಕೊಂಡು ಪೂರ್ತಿ ಕುಡಿದರು.

"ಹೆದರಿ ಮಾಡಿದ್ದು ಒಳ್ಳೇದೇ ಕಣ್ರೀ. ನಾನೂ ಒಸಿ ಹೆದರಬೇಕಿತ್ತು."

"ಸುಮ್ಕಿರಿ. ನೀವು ಹೆದರೋ ಆಸಾಮಿ ಆಗಿದ್ರೆ ನನ್ನ ಯಾರು ಮದ್ವೆ ಆಗ್ತಿದ್ರು?" ಎನ್ನುತ್ತಾ ಗೌರಮ್ಮ ಸೆರಗಿನಲ್ಲಿ ಅವರ ಬಾಯಿ ಒರೆಸಿದರು.

ಅವರ ನೀರು ಪರೀಕ್ಷೆಯಲ್ಲಿ ಪಾಸಾಯಿತು. ನನ್ನ ಇಡೀ ನೌಕರಿಯಲ್ಲಿ, ತನ್ನ ಸರಕು ಕಳಪೆಯೆಂದು ತಕರಾರಿಲ್ಲದೆ ಒಪ್ಪಿಕೊಂಡ ತಯಾರಕನೆಂದರೆ ನಾನೊಬ್ಬನೇ.