ದೇವರ ಗೂಡಿನಲ್ಲಿಟ್ಟ ಚರ್ಮದ ಪುಸ್ತಕ

ಕಿಂಗ್ಸ್‌ಬರಿಯ ಚಪ್ಪಲಿ ರಿಪೇರಿ ಅಂಗಡಿಯಿಂದ ಇವತ್ತು ಕತ್ತರಿಸಿದ ಚರ್ಮದ ವಾಸನೆ ಬಂತು. ಚಿಕ್ಕಂದಿನಲ್ಲಿ ಮಾಡಿದ್ದ ಪುಸ್ತಕ ನೆನಪಾಯಿತು.

ಆಗ ಡಾಕ್ಟರ್ ಅಪ್ಪನಿಗೆ ಆರು ತಿಂಗಳಿಗೊಂದು ಆಸ್ಪತ್ರೆಗೆ ವರ್ಗ, ನನಗೆ ಆರು ತಿಂಗಳಿಗೊಂದು ಶಾಲೆ. ಇಲ್ಲೇ ಪಕ್ಕದ ಕೆಂಟನ್‌ಗೆ ಬಂದಾಗ ಯಾವ ಶಾಲೆಯಲ್ಲೂ ಸೀಟಿರಲಿಲ್ಲ. ಬಾಗಿಲು ಹಾಕಿದ ಫ್ಲಾಟಿನಲ್ಲಿ ದಿನವಿಡೀ ನಾನು, ಮೈಸೂರಿನಿಂದ ಈ ಪರದೇಶಕ್ಕೆ ಬಂದ ಅಜ್ಜಿ, ಅವರ ಮಡಿ. ಅಪ್ಪನ ಹಳೇ ಬ್ಯಾಗಿನ ಚರ್ಮ ಕತ್ತರಿಸಿ, ದಬ್ಬಣದಿಂದ ತೂತು ಮಾಡಿ, ಲಂಗದ ಎಲಾಸ್ಟಿಕ್ ಪೋಣಿಸಿ, ಹಾಳೆ ಸಿಕ್ಕಿಸಿ ಪುಸ್ತಕ ಮಾಡಿಕೊಂಡೆ. ಪುಟಪುಟಕ್ಕೂ ಒಂದೇ ಸಾಲು: ಅಜ್ಜಿ ಬೇಗ ಊರಿಗೆ ಹೋಗಲಿ. ದೇವರು ಓದಲೆಂದು ಅದನ್ನು ದೇವರ ಗೂಡಿನಲ್ಲೇ ಇಟ್ಟೆ.

ಬೆಳಿಗ್ಗೆ ಪೂಜೆಗೆ ಕೂತ ಅಜ್ಜಿ ಕಿರುಚಿದರು. “ದೇವರ ಹತ್ರ ಚರ್ಮವೇನೇ! ಅಲ್ಲೇ ಇರಲಿ, ನಿಮ್ಮಮ್ಮ ಬಂದು ನೋಡಲಿ!” ಮಡಿಯಲ್ಲಿದ್ದ ಅವರು ಮುಟ್ಟುವಂತಿರಲಿಲ್ಲ. ಸಂಜೆಯವರೆಗೆ ಕಾವಲು ಕೂತರು.

ಅಮ್ಮ ಕೆಲಸದಿಂದ ಬಂದು ತೆಗೆದು ಓದಿದಳು.

“ಏನು ಬರೆದಿದಾಳೆ?” ಎಂದರು ಅಜ್ಜಿ.

ಅಮ್ಮ ಪುಸ್ತಕ ಮುಚ್ಚಿದಳು. “ಮಗ್ಗಿ, ಅತ್ತೆ.”

“ಹೌದೇನೆ! ಹದಿಮೂರರದ್ದು ಹೇಳು ನೋಡೋಣ.”

ಹದಿಮೂರೊಂದ್ಲ ಹದಿಮೂರು. ಮುಂದೆ ಬರಲಿಲ್ಲ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ನನ್ನೆದುರು ಕೂತರು. “ಸ್ಕೂಲಿಲ್ಲದೆ ಮಗು ಹಾಳಾಗ್ತಿದೆ. ಇಪ್ಪತ್ತರವರೆಗೂ ಬರೋ ತನಕ ನಾನು ಊರಿಗೆ ಹೋಗಲ್ಲ.”

ಈಗಲೂ ಟ್ಯೂಬು ರೈಲು ಸುರಂಗದಲ್ಲಿ ನಿಂತುಬಿಟ್ಟರೆ ನಾನು ಗೊಣಗುವುದು ಹದಿಮೂರರ ಮಗ್ಗಿಯನ್ನೇ. ಎಂಟಕ್ಕೆ ಬಂದಾಗ ಇನ್ನೂ ತಡವರಿಸುತ್ತೇನೆ.